ಆರೋಪ: ಈತನಿಗೆ ಹಕ್ಕಿ ಗೊತ್ತು

ಮದುವೆ ಮನೆಯ ಅಡುಗೆ ಭಟ್ಟರನ್ನು ಪಕ್ಕಕ್ಕೆ ಕರೆದು, "ನಿಮ್ಮ ಮೇಲೆ ಒಂದು ದೂರು ಬಂದಿದೆ ಭಟ್ರೇ. ನಿಮಗೆ ಅಡುಗೆ ಬರುತ್ತಂತೆ, ಹೌದಾ?" ಅಂತ ಕೇಳಿದರೆ ಏನಾಗುತ್ತದೆ? ಭಟ್ಟರು ಸೌಟು ಕೆಳಗಿಟ್ಟು ಕೇಳಿದವರ ಮುಖ ನೋಡುತ್ತಾರೆ. ಅಷ್ಟರಲ್ಲಿ ಸಾಂಬಾರು ಅಡಿ ಹಿಡಿಯುತ್ತದೆ.

ಕಲ್ಕತ್ತದಲ್ಲಿ ಎಡ್ವರ್ಡ್ ಬ್ಲೈತ್ ಎಂಬಾತನ ಗತಿ ಹೀಗೇ ಆಯಿತು. ಆತ ಏಷ್ಯಾಟಿಕ್ ಸೊಸೈಟಿ ಎಂಬ ವಿದ್ವಾಂಸರ ಸಂಘದ ಮ್ಯೂಸಿಯಂನಲ್ಲಿ ಕ್ಯುರೇಟರ್. ಸತ್ತ ಹಕ್ಕಿ, ಸತ್ತ ಇಲಿ, ಸತ್ತ ಮಂಗ ಎಲ್ಲವನ್ನೂ ಹುಳ ತಿನ್ನದಂತೆ ಕಾಪಾಡಿ, ಯಾವುದು ಏನು ಅಂತ ಹೆಸರು ಬರೆದಿಡುವ ಕೆಲಸ. 1848ರಲ್ಲಿ ಆತ ಲಂಡನ್ನಿನ ದೊಡ್ಡ ವಿಜ್ಞಾನಿ ರಿಚರ್ಡ್ ಓವನ್‌ಗೆ ಒಂದು ಗೋಳಿನ ಕಾಗದ ಬರೆದ. ಅದರ ತಾತ್ಪರ್ಯ ಇಷ್ಟು: ನನ್ನನ್ನು ಓಡಿಸಲು ಇಲ್ಲಿಯವರು ಬಗೆಬಗೆಯಲ್ಲಿ ಪಿತೂರಿ ಮಾಡುತ್ತಿದ್ದಾರೆ. ನಾನು ಪಕ್ಷಿಶಾಸ್ತ್ರಜ್ಞ ಅಂತ ನನ್ನ ಮೇಲೆ ಆರೋಪ. ಸೊಸೈಟಿಗೆ ಪಕ್ಷಿಶಾಸ್ತ್ರಜ್ಞ ಬೇಕಾಗಿರಲಿಲ್ಲವಂತೆ. ಏನೇನು ಸಹಿಸಿಕೊಂಡಿದ್ದೇನೆ ಅಂತ ಹೇಳಿದರೆ ನೀವು ದಂಗಾಗುತ್ತೀರಿ, ಇರಲಿ ಬಿಡಿ.

ಆ "ಇರಲಿ ಬಿಡಿ"ಯ ಹಿಂದೆ ಇನ್ನೂ ನಾಲ್ಕು ಪುಟ ಹೊಟ್ಟೆಯಲ್ಲೇ ಉಳಿದಿತ್ತು ಅನ್ನುವುದು, ಯಾವುದಾದರೂ ಆಫೀಸಿನಲ್ಲಿ ನಾಲ್ಕು ವರ್ಷ ಕೂತವರಿಗೆಲ್ಲ ಗೊತ್ತಾಗುತ್ತದೆ.

ಆ ಆರೋಪವನ್ನು ಸೊಸೈಟಿ ನಡೆಸುವ ಸಮಿತಿಯವರು ಯಾವ ಭಾಷೆಯಲ್ಲಿ ಹೊರಿಸಿದರೋ ಏನೋ. ನಮ್ಮ ಕಡೆಯ ಗುಮಾಸ್ತರೊಬ್ಬರ ಕೈಗೆ ಕೊಟ್ಟಿದ್ದರೆ ಹೀಗೆ ಬರುತ್ತಿತ್ತು:

"ವಿಷಯ: ಕರ್ತವ್ಯದ ಅವಧಿಯಲ್ಲಿ ಪಕ್ಷಿಗಳ ಬಗ್ಗೆ ತಿಳಿದುಕೊಂಡಿರುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಸದರಿ ಸಂಗ್ರಹಾಲಯದಲ್ಲಿ ಸೇವೆ ಸಲ್ಲಿಸುತ್ತಿದ್ದು, ಕಪಾಟಿನಲ್ಲಿರುವ ಹಕ್ಕಿಗಳನ್ನು ಖುದ್ದಾಗಿ ಹೊರತೆಗೆದು, ಅವು ಇಂಥಿಂಥ ಹಕ್ಕಿಗಳೆಂದು ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಇಲ್ಲದೆ ಗುರುತಿಸಿರುವುದು ಸಮಿತಿಯ ಗಮನಕ್ಕೆ ಬಂದಿರುತ್ತದೆ. ಈ ಬಗ್ಗೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ, ತಮಗೆ ಹಕ್ಕಿ ಗೊತ್ತಿರುವುದು ನಿಜವೆಂದೇ ಪರಿಗಣಿಸಿ ಮುಂದಿನ ಕ್ರಮ ಜರುಗಿಸಲಾಗುವುದು."

ಇಷ್ಟಕ್ಕೂ ಈ ಮನುಷ್ಯ ಕಲ್ಕತ್ತಕ್ಕೆ ಬಂದು ಸಿಕ್ಕಿಹಾಕಿಕೊಂಡದ್ದು ಹೇಗೆ? ಹುಟ್ಟಿದ್ದು ಲಂಡನ್ನಿನಲ್ಲಿ, 1810ರಲ್ಲಿ. ಬಟ್ಟೆ ವ್ಯಾಪಾರಿಯ ಮಗ. ಅಪ್ಪ ಬೇಗ ತೀರಿಕೊಂಡರು. ಮಗ ಪಾದ್ರಿ ಆಗಲಿ ಅಂತ ಮನೆಯಲ್ಲಿ ಆಸೆ. ಮಗ ಲಂಡನ್ ಪಕ್ಕದ ಟೂಟಿಂಗ್‌ನಲ್ಲಿ ಔಷಧಿ ಅಂಗಡಿ ಇಟ್ಟ. ಅಂಗಡಿಗೆ ಬಂದವರಿಗೆ ಕೆಮ್ಮು, ಅಂಗಡಿಯವನಿಗೆ ಹಕ್ಕಿ. ಒಂದು ಹಕ್ಕಿಯ ಗೂಡಿಗೆ ಇನ್ನೊಂದರ ಮೊಟ್ಟೆ ಇಟ್ಟು, ತಾಯಿ ಹಕ್ಕಿ ಒಪ್ಪಿಕೊಳ್ಳುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡುವವನ ಅಂಗಡಿ ಎಷ್ಟು ದಿನ ನಡೆದೀತು? ಮುಚ್ಚಿತು. 1841ರಲ್ಲಿ ಕಲ್ಕತ್ತದಿಂದ ಕ್ಯುರೇಟರ್ ಕೆಲಸ ಸಿಕ್ಕಿತು. ಹಡಗು ಹತ್ತಿದ.

ಈಗ ಸಂಬಳಕ್ಕೆ ಬರೋಣ. ವರ್ಷಕ್ಕೆ 300 ಪೌಂಡ್, ಮೇಲೆ ಮನೆ ಬಾಡಿಗೆಗೆ ತಿಂಗಳಿಗೆ 4 ಪೌಂಡ್. ಆಗ ಒಂದು ಪೌಂಡ್ ಅಂದರೆ ಸುಮಾರು ಹತ್ತು ರೂಪಾಯಿ. ಲೆಕ್ಕ ಹಾಕಿದರೆ ತಿಂಗಳ ಸಂಬಳ 250 ರೂಪಾಯಿ ಆಸುಪಾಸು. ಕಡಿಮೆ ಅನ್ನುವುದು ಅಷ್ಟು ದೊಡ್ಡ ವಿಷಯವಲ್ಲ. ಇಪ್ಪತ್ತು ವರ್ಷ ಅದು ಒಂದು ಪೈಸೆ ಅಲುಗಲಿಲ್ಲ ನೋಡಿ, ಅದು ವಿಷಯ. ಮ್ಯೂಸಿಯಂನಲ್ಲಿ ಯಾವುದನ್ನೂ ಕೆಡದಂತೆ ಇಡುವುದು ಕ್ಯುರೇಟರ್ ಕೆಲಸ ತಾನೆ? ಕ್ಯುರೇಟರ್ ಸಂಬಳವನ್ನು ಹಾಗೆ ಇಡುವ ಕೆಲಸವನ್ನು ಮಾತ್ರ ಸಮಿತಿಯೇ ವಹಿಸಿಕೊಂಡಿತ್ತು.

ಅದೇ ಊರಿನಲ್ಲಿ ಆಗ ಇನ್ನೊಂದು ಜೀವಕ್ಕೆ ಭಾರಿ ಮರ್ಯಾದೆ ಇತ್ತು. ಹರ್ಗಿಲಾ ಅಂತ. ಆಳೆತ್ತರದ ಕೊಕ್ಕರೆ ಜಾತಿಯ ಹಕ್ಕಿ. ಬೋಳು ತಲೆ, ಕುತ್ತಿಗೆಯಲ್ಲಿ ಜೋಲುವ ಚೀಲ, ನಿವೃತ್ತ ತಹಸೀಲ್ದಾರರ ನಡಿಗೆ. ಬೀದಿಯ ಕೊಳೆ, ಹೆಣ, ಮೂಳೆ ಎಲ್ಲ ನುಂಗಿ ಕಲ್ಕತ್ತವನ್ನು ಗುಡಿಸುತ್ತಿದ್ದದ್ದು ಅದೇ. ಅದನ್ನು ಕೊಂದರೆ 50 ರೂಪಾಯಿ ದಂಡ. ಮುಂದೆ ಊರಿನ ಕಾರ್ಪೊರೇಷನ್ ತನ್ನ ಲಾಂಛನದಲ್ಲಿ ಎರಡು ಹರ್ಗಿಲಾ ನಿಲ್ಲಿಸಿಕೊಂಡಿತು. ಅಂದರೆ ಕಲ್ಕತ್ತದ ದರಪಟ್ಟಿಯಲ್ಲಿ ಐದು ಕೊಕ್ಕರೆ ಕೂಡಿದರೆ ಒಬ್ಬ ಕ್ಯುರೇಟರ್. ಆದರೆ ಕೊಕ್ಕರೆಗೆ ಕಾನೂನಿನ ರಕ್ಷಣೆ ಇತ್ತು. ಅದರ ಮೇಲೆ ಹಕ್ಕಿ ಅನ್ನುವ ಆರೋಪ ಯಾರೂ ಹೊರಿಸಲಿಲ್ಲ.

ಸೊಸೈಟಿಯ ಸಂಗ್ರಹದಲ್ಲಿ ಈಜಿಪ್ಟಿನಿಂದ ತಂದ ಒಂದು ಮಮ್ಮಿಯೂ ಇತ್ತು. ಬ್ಲೈತ್ ಬರುವ ಮೊದಲೇ ಬಂದು ಮಲಗಿತ್ತು. ಇಂಕ್ರಿಮೆಂಟ್ ಕೇಳಲಿಲ್ಲ, ರಜೆ ಕೇಳಲಿಲ್ಲ, ಯಾವ ಹಕ್ಕಿಯ ಬಗ್ಗೆಯೂ ಅಭಿಪ್ರಾಯ ಇಟ್ಟುಕೊಳ್ಳಲಿಲ್ಲ. ಸಮಿತಿಯ ಕಣ್ಣಿಗೆ ಆದರ್ಶ ನೌಕರ ಅಂದರೆ ಅದೇ ಇರಬೇಕು.

ಇಂಥ ಕಡೆ ಕೂತು ಆತ ಮಾಡಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಕ್ಕಿಯ ಹೊಟ್ಟೆ ಸೀಳಿ, ಮಾಂಸವನ್ನೆಲ್ಲ ತೆಗೆದು, ಚರ್ಮವನ್ನು ಅಂಗಿಯಂತೆ ಒಳಹೊರಗು ಮಾಡುತ್ತಾರೆ. ಒಳಮೈಗೆ ಆರ್ಸೆನಿಕ್ ಬೆರೆತ ಸೋಪು ಸವರುತ್ತಾರೆ. ಆರ್ಸೆನಿಕ್ ಅಂದರೆ ಪಾಷಾಣ. ಹುಳ ಸಾಯಲಿ ಅಂತ ಹಚ್ಚುವುದು, ಹಚ್ಚಿದವನ ಬೆರಳು, ಉಗುರಿಗೂ ಅದರಲ್ಲಿ ಪಾಲು. ಆಮೇಲೆ ಹತ್ತಿ ತುಂಬಿ ಹೊಲಿಗೆ. ಕಣ್ಣಿದ್ದ ಕಡೆಯೂ ಹತ್ತಿ. ಎರಡು ಕಾಲನ್ನು ಒಂದರ ಮೇಲೊಂದು ಅಡ್ಡ ಹಾಕಿ ಕಟ್ಟಿ ಒಂದು ಚೀಟಿ. ಇಂಥ ಊರು, ಇಂಥ ದಿನ, ಗಂಡು ಅಥವಾ ಹೆಣ್ಣು. ಬಂಗಾಳದ ಮಳೆಗಾಲದಲ್ಲಿ ಪಾಷಾಣವನ್ನೂ ದಾಟಿ ಹುಳ ಬರುತ್ತದೆ, ಬೂಷ್ಟು ಬರುತ್ತದೆ. ಒಂದು ಬೆಳಗ್ಗೆ ಡ್ರಾಯರ್ ಎಳೆದರೆ ಹಕ್ಕಿ ಪುಡಿಯಾಗಿರುತ್ತದೆ, ಚೀಟಿ ಮಾತ್ರ ಗಟ್ಟಿಯಾಗಿ ಕೂತಿರುತ್ತದೆ.

ಕಾಡಿಗೆ ಹೋಗಿ ಹಕ್ಕಿ ನೋಡುವ ಭಾಗ್ಯ ಬ್ಲೈತ್‌ಗೆ ಕಡಿಮೆ. ಕಪಾಟು ಬಿಟ್ಟು ಹೋಗುವಂತಿಲ್ಲ. ನೇಪಾಳದಿಂದ ಹಾಡ್ಜ್‌ಸನ್, ಬರ್ಮಾದಿಂದ ಫೇರ್, ನಮ್ಮ ದಕ್ಷಿಣದಿಂದ ಮದ್ರಾಸ್ ಸೇನೆಯ ಡಾಕ್ಟರ್ ಜೆರ್ಡನ್, ಹೀಗೆ ಒಬ್ಬೊಬ್ಬರೂ ಕಳಿಸಿದ ಡಬ್ಬಿಗಳನ್ನು ಬಿಚ್ಚಿ ಒಂದೊಂದೇ ಗರಿ ಅಳೆಯಬೇಕು. ಮಲೆನಾಡಿನಲ್ಲಿ ಆಲದ ಹಣ್ಣಿಗೆ ಮುತ್ತುವ ಕೆಂಪು ಮುಖದ ಪುಟ್ಟ ಕುಟ್ರ ಹಕ್ಕಿ ಇದೆಯಲ್ವಾ, ಮಲಬಾರ್ ಬಾರ್ಬೆಟ್? ಅದಕ್ಕೆ 1847ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟದ್ದು ಕಲ್ಕತ್ತದ ಈ ಮನುಷ್ಯ. ಪಶ್ಚಿಮಘಟ್ಟದ ಬಿಳಿತಲೆಯ ಕಬ್ಬಕ್ಕಿಗೆ ಜೆರ್ಡನ್ ಈತನ ಹೆಸರನ್ನೇ ಇಟ್ಟ. ನಾಗಾಲ್ಯಾಂಡಿನ ರಾಜ್ಯಪಕ್ಷಿಯೂ ಬ್ಲೈತ್‌ನ ಟ್ರ್ಯಾಗೊಪಾನ್. ಹೆಸರಿಟ್ಟದ್ದು ಜೆರ್ಡನ್ನೇ. ಸೊಸೈಟಿ ಕೊಡದ ಬಡ್ತಿಯನ್ನು ಗೆಳೆಯರು ಹಕ್ಕಿಗಳ ಮೂಲಕ ಕೊಡುತ್ತಾ ಹೋದರು.

ಸಮಿತಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಮ್ಯೂಸಿಯಂನಲ್ಲಿ ಏನೇನಿದೆ ಅಂತ ಒಂದು ಪಟ್ಟಿ ಕೊಡಪ್ಪಾ ಅಂತ ಅವರು ಕೇಳುತ್ತಲೇ ಇದ್ದರು. ಬ್ಲೈತ್ ಕೊಟ್ಟಿರಲಿಲ್ಲ. 1847ರ ಹೊತ್ತಿಗೆ ಅವರ ತಾಳ್ಮೆ ಮುಗಿದಿತ್ತು. ಅಲ್ಲಿ ಕಲ್ಲು, ಪಳೆಯುಳಿಕೆ, ಮೂಳೆ ಎಲ್ಲ ಇದ್ದವು. ಈತ ಹೊತ್ತು ಮೂಡಿದರೆ ಹಕ್ಕಿ ಅಂತ ಕೂತರೆ ಉಳಿದವರ ಹೊಟ್ಟೆ ಉರಿಯದೆ ಇರುತ್ತದಾ? ಬ್ಲೈತ್ ಸಾಧು ಪ್ರಾಣಿಯೂ ಆಗಿರಲಿಲ್ಲ. ಗೊಣಗುವುದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ.

ಕೊನೆಗೆ ಪಟ್ಟಿ ಬಂತು. ಮುಖಪುಟದ ಮೇಲೆ 1849 ಅಂತ ಇಸವಿ. ಯಾವುದರ ಪಟ್ಟಿ ಅಂದಿರಿ? ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂನಲ್ಲಿರುವ ಹಕ್ಕಿಗಳ ಪಟ್ಟಿ.

ಆರೋಪಿ ತನ್ನ ಅಪರಾಧವನ್ನು ತಾನೇ ಅಚ್ಚು ಹಾಕಿಸಿ, ಬೈಂಡು ಮಾಡಿಸಿ, ದೂರು ಕೊಟ್ಟವರ ಮೇಜಿನ ಮೇಲೆ ಇಟ್ಟ. ನನಗಂತೂ ಈ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲಿ.

ಇತ್ತ ಸೊಸೈಟಿಗೆ ಬೇಡವಾದ ಜ್ಞಾನಕ್ಕೆ ಅತ್ತ ಇಂಗ್ಲೆಂಡಿನಲ್ಲಿ ಒಬ್ಬ ಗಿರಾಕಿ ಕಾದಿದ್ದ. ಚಾರ್ಲ್ಸ್ ಡಾರ್ವಿನ್. ಕೋಳಿ ಎಲ್ಲಿಂದ ಬಂತು, ಪಾರಿವಾಳ ಹೇಗೆ ಬದಲಾಯಿತು ಅಂತ ಆತನ ಪ್ರಶ್ನೆಗಳಿಗೆ ಬ್ಲೈತ್ ಪುಟಗಟ್ಟಲೆ ಉತ್ತರ ಬರೆದ. ವಾಲೇಸ್ ಎಂಬ ಇನ್ನೊಬ್ಬ ತರುಣ ಬೋರ್ನಿಯೊ ದ್ವೀಪದ ಸರವಾಕ್‌ನಲ್ಲಿ ಕೂತು, ಹೊಸ ಜೀವಜಾತಿಗಳು ಹುಟ್ಟುವ ಬಗ್ಗೆ ಬರೆದ ಲೇಖನ 1855ರಲ್ಲಿ ಬಂದಾಗ, ಇದನ್ನು ನೋಡಿದೆಯಾ, ಚೆನ್ನಾಗಿದೆ ಅಂತ ಡಾರ್ವಿನ್‌ಗೆ ಆ ಡಿಸೆಂಬರಿನಲ್ಲೇ ಬರೆದು ತಿವಿದವನೂ ಈತನೇ. 1859ರಲ್ಲಿ ಡಾರ್ವಿನ್‌ನ ದೊಡ್ಡ ಪುಸ್ತಕ 'ಜೀವಜಾತಿಗಳ ಉಗಮ' ಬಂತು. ಮೊದಲ ಅಧ್ಯಾಯದಲ್ಲೇ ಬ್ಲೈತ್‌ನ ವಿಶಾಲವಾದ, ಬಗೆಬಗೆಯ ತಿಳಿವಳಿಕೆಯನ್ನು ಹೊಗಳಿ, ಹೆಚ್ಚು ಕಡಿಮೆ ಬೇರೆ ಯಾರಿಗಿಂತಲೂ ಈತನ ಅಭಿಪ್ರಾಯಕ್ಕೆ ತಾನು ಜಾಸ್ತಿ ಬೆಲೆ ಕೊಡುತ್ತೇನೆ ಅಂತ ಬರೆದ. ವಿಷಯ: ಸಾಕುಕೋಳಿಗಳೆಲ್ಲ ಕಾಡುಕೋಳಿಯ ಸಂತಾನವೋ ಹೇಗೆ ಅನ್ನುವುದು. ಕೆಂಪು ಕಾಡುಕೋಳಿಯೇ ಮೂಲ ಅಂತ ಬ್ಲೈತ್ ಹೇಳಿದ್ದು ಬಹುಮಟ್ಟಿಗೆ ನಿಜವಾಯಿತು. ನಮ್ಮ ಬೂದು ಕಾಡುಕೋಳಿಯೂ ಹಳದಿ ಚರ್ಮದ ಗುಣವನ್ನು ಸೇರಿಸಿದೆ ಅಂತ 2008ರಲ್ಲಿ ಗೊತ್ತಾಯಿತು, ಅದು ಬೇರೆ ಮಾತು.

ತಮಾಷೆ ಇನ್ನೂ ಇದೆ. ಡಾರ್ವಿನ್ ಇನ್ನೂ ಬೀಗಲ್ ಹಡಗಿನಲ್ಲಿ ತಿರುಗುತ್ತಿದ್ದಾಗಲೇ, 1835ರಲ್ಲಿ, ಇಪ್ಪತ್ನಾಲ್ಕರ ಬ್ಲೈತ್ ಒಂದು ಪತ್ರಿಕೆಯಲ್ಲಿ ಬರೆದಿದ್ದ: ಕಾಡಿನಲ್ಲಿ ಬಲವಾದದ್ದು ಉಳಿಯುತ್ತದೆ, ತನ್ನ ಜಾತಿಯ ಅಚ್ಚಿನಿಂದ ದೂರ ಸರಿದದ್ದು ಅಳಿಯುತ್ತದೆ ಅಂತ. ಇದರಿಂದ ಜಾತಿಗಳು ಬದಲಾಗುವುದಿಲ್ಲ, ಇದ್ದಂತೆಯೇ ಇರುತ್ತವೆ ಅನ್ನುವುದು ಆತನ ತೀರ್ಮಾನ. ಅದೇ ಬೀಗದ ಕೈಯನ್ನು ಈತ ಬಾಗಿಲು ಹಾಕಲು ತಿರುಗಿಸಿದ, ಡಾರ್ವಿನ್ ತೆಗೆಯಲು ತಿರುಗಿಸಿದ. ಡಾರ್ವಿನ್ ಕದ್ದ ಅಂತ ನೂರು ವರ್ಷದ ಮೇಲೆ ಕೆಲವರು ಜಗಳ ತೆಗೆದರು. ನನಗೆ ಹಾಗನ್ನಿಸುವುದಿಲ್ಲ. ಆದರೂ "ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ" ಅನ್ನುವ ಗಾದೆ ಬಾಯಿಗೆ ಬಂದೇ ಬರುತ್ತದೆ.

ಹೊಗಳಿಕೆಯಿಂದ ಬಾಡಿಗೆ ಕಟ್ಟಲಾಗುವುದಿಲ್ಲವಲ್ಲ. ಜೀವಂತ ಪ್ರಾಣಿಗಳನ್ನು ಇಂಗ್ಲೆಂಡಿಗೆ ಸಾಗಿಸಿ ಮಾರುವ ವ್ಯಾಪಾರಕ್ಕೆ ಬ್ಲೈತ್ ಕೈ ಹಾಕಿದ. ಪಾಲುದಾರರಾಗಿ ಅಂತ ಡಾರ್ವಿನ್‌ನನ್ನೂ ಹಕ್ಕಿ ಚಿತ್ರಗಳ ಜಾನ್ ಗೌಲ್ಡ್‌ನನ್ನೂ ಕೇಳಿ ನೋಡಿದ. ಇಬ್ಬರೂ ಬರಲಿಲ್ಲ. ಬ್ಲೈತ್‌ನ ಅಭಿಪ್ರಾಯ ಎಲ್ಲರಿಗೂ ಬೇಕಿತ್ತು. ಖರ್ಚಿನ ಮಾತು ಬಂದಾಗ ಮಾತ್ರ ಆತ ಬರೀ ಕಲ್ಕತ್ತದ ಕ್ಯುರೇಟರ್.

1854ರಲ್ಲಿ ಮದುವೆಯಾದ. 1857ರ ಡಿಸೆಂಬರಿನಲ್ಲಿ ಹೆಂಡತಿ ತೀರಿಕೊಂಡಳು. ಆಮೇಲೆ ಆತ ಮೊದಲಿನಂತಾಗಲಿಲ್ಲ. 1862ರಲ್ಲಿ ಆರೋಗ್ಯ ಕೆಟ್ಟು ಕಲ್ಕತ್ತ ಬಿಟ್ಟ. ಕಪಾಟು ಖಾಲಿ ಮಾಡಿಕೊಟ್ಟು ಹೋದ ಮೇಲೆ ಸರ್ಕಾರಕ್ಕೆ ಒಮ್ಮೆಲೇ ಮ್ಯೂಸಿಯಂ ಮೇಲೆ ಪ್ರೀತಿ ಉಕ್ಕಿತು. 1866ರಲ್ಲಿ ಕಾಯಿದೆ ಬಂತು, ಸಂಗ್ರಹವೆಲ್ಲ ಇಂಡಿಯನ್ ಮ್ಯೂಸಿಯಂ ಪಾಲಾಯಿತು. ಚೌರಂಗಿಯಲ್ಲಿ ಅರಮನೆಯಂಥ ಕಟ್ಟಡ ಎದ್ದು 1878ರಲ್ಲಿ ಜನರಿಗೆ ತೆರೆಯಿತು. ಅಲ್ಲಿಯ ಜನ ಅದನ್ನು ಜಾದುಘರ್ ಅನ್ನುತ್ತಾರೆ. ಬ್ಲೈತ್ ಅದನ್ನು ನೋಡಲಿಲ್ಲ, 1873ರಲ್ಲೇ ತೀರಿಹೋಗಿದ್ದ. ಮಮ್ಮಿ ಮಾತ್ರ ಹೊಸ ಕಟ್ಟಡಕ್ಕೂ ಬಂದು ಮಲಗಿತು.

ನಾನು ಒಮ್ಮೆ ಒಂದೂರಿನ ಮ್ಯೂಸಿಯಂಗೆ ಹೋಗಿದ್ದೆ. ಊರಿನ ಹೆಸರು ಬೇಡ. ಗಾಜಿನೊಳಗೆ ಬಣ್ಣ ಹೋದ ಒಂದು ಹಕ್ಕಿ. ಕೆಳಗೆ ಚೀಟಿ: "ಪಕ್ಷಿ. ಮುಟ್ಟಬಾರದು." ಯಾವ ಪಕ್ಷಿ ಸಾರ್ ಅಂತ ಅಲ್ಲಿದ್ದವರನ್ನು ಕೇಳಿದೆ. ಅವರು ಚೀಟಿಯನ್ನು ಬಗ್ಗಿ ಓದಿ, "ಬರೆದಿದೆಯಲ್ಲಾ" ಅಂದರು. ಅಲ್ಲಿ ಯಾರ ಮೇಲೂ ಯಾವ ಆರೋಪವೂ ಇರಲಿಲ್ಲ.

ಬ್ಲೈತ್ 1849ರಲ್ಲಿ ಹೆಸರಿಟ್ಟ ಇನ್ನೊಂದು ಹಕ್ಕಿ ಚಳಿಗಾಲದಲ್ಲಿ ನಮ್ಮ ಮನೆ ಪಕ್ಕದ ಬೇಲಿಗೇ ಬರುತ್ತದೆ. ಬ್ಲೈತ್‌ನ ರೀಡ್ ವಾರ್ಬ್ಲರ್, ಒಂದು ಬಗೆಯ ಉಲಿಯಕ್ಕಿ. ರಷ್ಯಾ ಕಡೆಯಿಂದ ಹಾರಿ ಬರುವ ಹತ್ತು ಹನ್ನೆರಡು ಗ್ರಾಂ ಜೀವ. ಮಣ್ಣಿನ ಬಣ್ಣ. ಪಟ್ಟೆ ಇಲ್ಲ, ಚುಕ್ಕೆ ಇಲ್ಲ, ಜುಟ್ಟು ಇಲ್ಲ. ಅದರ ನೆಂಟರಿಂದ ಬೇರೆ ಮಾಡಲು ರೆಕ್ಕೆಯ ಯಾವ ಗರಿ ಯಾವುದಕ್ಕಿಂತ ಎಷ್ಟು ಗಿಡ್ಡ ಅಂತ ಅಳೆಯಬೇಕು. ಕಾಣುವುದಕ್ಕಿಂತ ಕೇಳುವುದೇ ಜಾಸ್ತಿ. ಲಂಟಾನದ ಪೊದೆಯೊಳಗಿಂದ "ಚೆಕ್... ಚೆಕ್" ಅಂತ, ಯಾರೋ ಗೊಣಗಿದ ಹಾಗೆ.

ಮೊನ್ನೆ ಬೆಳಗ್ಗೆ ಅದಕ್ಕಾಗಿ ಬೇಲಿಯ ಮುಂದೆ ಕಾಲು ಗಂಟೆ ನಿಂತಿದ್ದೆ. ಪಕ್ಕದ ಮನೆಯವರು ಹಾಲಿನ ಪ್ಯಾಕೆಟ್ ಹಿಡಿದು ಬಂದರು. ನಮ್ಮ ಬಡಾವಣೆಯ ಸಂಘದ ಸಮಿತಿಯಲ್ಲಿದ್ದಾರೆ.

"ಏನ್ ಸಾರ್, ಏನಾದ್ರೂ ಕಳ್ಕೊಂಡ್ರಾ?"

"ಇಲ್ಲ, ಹಕ್ಕಿ ನೋಡ್ತಿದ್ದೆ."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ಓ," ಅಂದರು. "ನೀವು ಅಂಥೋರು ಅಂತ ಗೊತ್ತೇ ಇರ್ಲಿಲ್ಲ."