ಕಗ್ಗಂಟಿಗೊಂದು ಮರ್ಯಾದಸ್ಥ ಹೆಸರು

ಮುಂದೆ ದಾರಿಯಿಲ್ಲದ ಓಣಿಗೆ ಫ್ರೆಂಚರು 'ಕ್ಯುದ್‌ಸಾಕ್' ಅನ್ನುತ್ತಿದ್ದರು. ಚೀಲದ ಅಂಡು ಎಂದರ್ಥ. ವಾಲ್ಟೇರ್‌ಗೆ ಇದು ಹಿಡಿಸಲಿಲ್ಲ. ಬೀದಿ ಅಂಡಿನ ಹಾಗೂ ಇಲ್ಲ, ಚೀಲದ ಹಾಗೂ ಇಲ್ಲ ಎಂದು ಗೊಣಗಿ, 18ನೇ ಶತಮಾನದಲ್ಲಿ 'ಆಂಪಾಸ್' ಎಂಬ ಪದವನ್ನು ಚಲಾವಣೆಗೆ ತಂದ. 'ಪಾಸೆ' ಎಂದರೆ ಹಾದುಹೋಗು. ಮುಂದೊಂದು ನಕಾರ ಅಂಟಿಸಿದರೆ ಹಾದುಹೋಗಲಾಗದ್ದು. ಪ್ಯಾರಿಸ್ಸಿನ ಓಣಿಗಳ ಫಲಕದಲ್ಲಿ ಈಗಲೂ ಇದೆ. ಇಂಗ್ಲಿಷಿಗೆ ದಾಟಿ 'ಇಂಪಾಸ್' ಆಗಿ, ಮಾತುಕತೆ ಎತ್ತಲೂ ಸಾಗದ ಸ್ಥಿತಿಗೂ ನಿಂತಿತು. ಓಣಿ ಮಾತ್ರ ಎಲ್ಲಿತ್ತೋ ಅಲ್ಲೇ.

ಗೋಡೆ ಒಡೆಯದೆ ಹೆಸರು ಬದಲಿಸುವ ಈ ವಿದ್ಯೆಯನ್ನು ಪೂರ್ತಿ ಕರಗತ ಮಾಡಿಕೊಂಡವರು ಬೆಲ್ಜಿಯಂನವರು.

2010ರ ಜೂನ್ 13ರಂದು ಅಲ್ಲಿ ಚುನಾವಣೆ ನಡೆಯಿತು. ಪಕ್ಷಗಳು ಬಹುತೇಕ ಭಾಷೆಯ ಮೇಲೆ, ಡಚ್ ಮಾತಿನವು, ಫ್ರೆಂಚ್ ಮಾತಿನವು ಎಂದು, ಹೋಳಾಗಿವೆ. 150 ಸ್ಥಾನಗಳಲ್ಲಿ ಅತಿ ದೊಡ್ಡ ಪಕ್ಷಕ್ಕೆ ಸಿಕ್ಕಿದ್ದು 27. ಮಂತ್ರಿಮಂಡಲದಲ್ಲಿ ಪ್ರಧಾನಿಯನ್ನು ಬಿಟ್ಟು ಡಚ್ ಮಾತಿನವರೆಷ್ಟೋ ಫ್ರೆಂಚ್ ಮಾತಿನವರೂ ಅಷ್ಟೇ ಇರಬೇಕೆಂದು ಸಂವಿಧಾನ ಹೇಳುತ್ತದೆ. ದೊಡ್ಡ ತಕರಾರು ಒಂದು ಮತಕ್ಷೇತ್ರದ್ದು: ಬ್ರಸೆಲ್ಸ್-ಹಾಲೆ-ವಿಲ್ವೋರ್ಡೆ. ಡಚ್ ಸೀಮೆಯಲ್ಲಿ ಮನೆ ಮಾಡಿರುವ ಫ್ರೆಂಚ್ ಮಾತಿನವರು ಬ್ರಸೆಲ್ಸಿನ ಫ್ರೆಂಚ್ ಅಭ್ಯರ್ಥಿಗೆ ಮತ ಹಾಕಬಹುದೋ ಇಲ್ಲವೋ?

ಸರ್ಕಾರ ಕಟ್ಟಲಾಗದ ಇಂಥ ಹೊತ್ತಿನಲ್ಲಿ ರಾಜ ಮಾಡಬೇಕಾದ್ದು ಒಂದೇ, ಹುದ್ದೆ ಸೃಷ್ಟಿಸುವುದು. ಮೊದಲು 'ಮಾಹಿತಿಗಾರ' ಬಂದ, ಯಾರಿಗೆ ಯಾರು ಆಗಿಬರುವುದಿಲ್ಲ ಎಂದು ತಿಳಿದುಕೊಂಡ. ಬಳಿಕ 'ಪೂರ್ವರಚಕ'. ರಚನೆಯೇ ಇಲ್ಲ, ಅದಕ್ಕೂ ಪೂರ್ವದವನು! ಅವನೂ ಕೈಚೆಲ್ಲಿದ ಮೇಲೆ ಇಬ್ಬರು 'ಮಧ್ಯಸ್ಥರು'. ಅಕ್ಟೋಬರಿನಲ್ಲಿ 'ಸ್ಪಷ್ಟೀಕರಣಕಾರ', ಅವನು ಬರೆದದ್ದು ಬಹಳ ಸ್ಪಷ್ಟವಾಗಿತ್ತೇನೋ, ಫ್ರೆಂಚ್ ಪಕ್ಷಗಳು ಓದಿ ತಿರಸ್ಕರಿಸಿದವು. ಆಮೇಲೆ 'ಸಂಧಾನಕಾರ', ಮತ್ತೊಬ್ಬ 'ಮಾಹಿತಿಗಾರ', ಅವನ ಬೆನ್ನಿಗೆ 'ಮಾತುಕತೆಗಾರ'. 2011ರ ಮೇ ತಿಂಗಳಲ್ಲಿ ಕೊನೆಗೂ ಒಬ್ಬ 'ರಚಕ' ನೇಮಕಗೊಂಡ. ಯಾರೆಂದು ನೋಡಿದರೆ ಹಿಂದಿನ ವರ್ಷದ ಪೂರ್ವರಚಕನೇ, ಫ್ರೆಂಚ್ ಮಾತಿನ ಸಮಾಜವಾದಿ ಪಕ್ಷದ ನಾಯಕ ಎಲಿಯೊ ಡಿ ರೂಪೊ.

ಅಷ್ಟರವರೆಗೆ ದೇಶ ನಿಂತಿತೇ? ಎಲ್ಲಿಯದು! ಹಂಗಾಮಿ ಸರ್ಕಾರ 2011ರ ಮೊದಲ ತಿಂಗಳುಗಳಲ್ಲಿ ಬಜೆಟ್ಟಿಲ್ಲದೆ, ಹಿಂದಿನ ವರ್ಷದ ಖರ್ಚಿನ ಹನ್ನೆರಡನೇ ಒಂದು ಪಾಲನ್ನು ತಿಂಗಳಿಗೊಮ್ಮೆ ಬಿಡಿಸಿಕೊಂಡು ಬದುಕಿತು. ಹೊಸ ಯೋಜನೆ, ದೊಡ್ಡ ಸುಧಾರಣೆ ಯಾವುದನ್ನೂ ಅದು ಮುಟ್ಟುವಂತಿಲ್ಲ. ಆದರೆ 2010ರ ಕೊನೆಯ ಆರು ತಿಂಗಳು ಐರೋಪ್ಯ ಒಕ್ಕೂಟದ ಮಂತ್ರಿಗಳ ಮಂಡಳಿಗೆ ಅಧ್ಯಕ್ಷತೆ ವಹಿಸಿತು, 2011ರ ಮಾರ್ಚಿನಲ್ಲಿ ಲಿಬಿಯಾ ಕಾರ್ಯಾಚರಣೆಗೆ ಎಫ್-16 ವಿಮಾನ ಕಳಿಸಿತು. ತನ್ನ ಮತಕ್ಷೇತ್ರದ ಗೆರೆ ಎಳೆಯಲು ಮಾತ್ರ ಅಧಿಕಾರ ಸಾಲದು. ಅದೇ ವರ್ಷದ ಫೆಬ್ರವರಿ 17ಕ್ಕೆ 249 ದಿನವಾಗಿ, ಸರ್ಕಾರ ಕಟ್ಟಲು ಅತಿ ಹೆಚ್ಚು ದಿನ ಹಿಡಿದ ಇರಾಕಿನ ದಾಖಲೆ ಮುರಿಯಿತೆಂದು ವಿದ್ಯಾರ್ಥಿಗಳು ಬೀದಿಯಲ್ಲಿ ಪುಕ್ಕಟೆ ಆಲೂಗಡ್ಡೆ ಫ್ರೈ ಹಂಚಿದರು. ಸರ್ಕಾರ ಬರುವ ತನಕ ಗಡ್ಡ ಬೋಳಿಸಬೇಡಿ ಎಂದು ನಟನೊಬ್ಬ ಕರೆ ಕೊಟ್ಟಿದ್ದ.

ಹುದ್ದೆಗಳಿಂದ ಆಗದ್ದು ಸಾಲದ ಭಯದಿಂದ ಆಯಿತು. 2011ರ ನವೆಂಬರ್ 25ರಂದು, ಸಾಲ ತೀರಿಸುವ ತಾಕತ್ತನ್ನು ಅಳೆಯುವ ಸಂಸ್ಥೆ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್, ದೇಶದ ಸಾಲದ ಶ್ರೇಯಾಂಕವನ್ನು ಒಂದು ಮೆಟ್ಟಿಲು ಇಳಿಸಿತು. ಮರುದಿನವೇ ಬಜೆಟ್ ಒಪ್ಪಂದ! ಡಿಸೆಂಬರ್ 6ರಂದು, ಚುನಾವಣೆಯಾಗಿ 541 ದಿನಕ್ಕೆ, ಆರು ಪಕ್ಷಗಳ ಸರ್ಕಾರ ಪ್ರಮಾಣವಚನ ತೆಗೆದುಕೊಂಡಿತು. ಅತಿ ದೊಡ್ಡ ಪಕ್ಷ ಅದರಲ್ಲಿರಲಿಲ್ಲ.

2019ರ ಮೇ ಚುನಾವಣೆಯ ಬಳಿಕ ಪೂರ್ಣಾವಧಿ ಸರ್ಕಾರ ಬಂದದ್ದು 2020ರ ಅಕ್ಟೋಬರ್ 1ಕ್ಕೆ. ಆ ಸಲದ ಹುದ್ದೆಗಳಲ್ಲಿ 'ರಾಜನ ನಿಯೋಗಿ' ಎಂಬುದೂ ಒಂದಿತ್ತು.