ಸಾಕೆಟ್ ಒಂದೇ ಆದರೆ ಸಾಕೇ?

ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ, ಅಂದರೆ ಸಾಕೆಟ್, ಹೊಂದಿದರೆ ಎಲ್ಲ ಹೊಂದಿದಂತೆ ಅಂತ ಮೊದಲ ಸಲ ಗೇಮಿಂಗ್ ಪಿಸಿ ಜೋಡಿಸುವವರು ನಂಬಿಬಿಡುತ್ತಾರೆ. ಎಎಂ5 ಸಾಕೆಟ್‌ನ ಬೋರ್ಡ್‌ನಲ್ಲಿ ಎಎಂಡಿಯ ರೈಜೆನ್ 9000 ಸರಣಿಯ ಪ್ರೊಸೆಸರ್ ಸರಿಯಾಗಿಯೇ ಕೂರುತ್ತದೆ. ಆದರೆ ಅದೇ ಸಾಕೆಟ್‌ನ ಬಿ650 ಬೋರ್ಡ್ ಹಳೆಯ ಸ್ಟಾಕಿನದಾದರೆ ಅದರ ಬಯಾಸ್‌ಗೆ (ಪಿಸಿ ಆನ್ ಆದಾಗ ಮೊದಲು ಓಡುವ ತಂತ್ರಾಂಶಕ್ಕೆ) ಆ ಪ್ರೊಸೆಸರ್‌ನ ಗುರುತೇ ಇರುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಪಾಪ, ಹೊಸಬರು ರ್‍ಯಾಮ್ ಕಿತ್ತು ಕಿತ್ತು ಹಾಕುತ್ತಾ ಕೂರುತ್ತಾರೆ! ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಬಚಾವ್: ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹೊಸ ಬಯಾಸ್ ಫೈಲ್ ಹಾಕಿ, ಮ್ಯಾನ್ಯುಯಲ್‌ನಲ್ಲಿರುವ ಹೆಸರನ್ನೇ ಇಟ್ಟು, ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಮಾಡಬಹುದು. ಈ ಬಟನ್ ಎಲ್ಲ ಬೋರ್ಡ್‌ಗಳಲ್ಲೂ ಯಾಕಿಲ್ಲ? ಇಂಟೆಲ್ ಪ್ರೊಸೆಸರ್‌ಗಳ ಬಿ760 ಬೋರ್ಡ್ ಇನ್ನೊಂದು ತಲೆನೋವು. ಅದೇ ಹೆಸರಲ್ಲಿ ಡಿಡಿಆರ್4 ರ್‍ಯಾಮ್ ಹಾಕುವ ಬೋರ್ಡೂ ಇದೆ, ಡಿಡಿಆರ್5 ರ್‍ಯಾಮ್ ಹಾಕುವ ಬೋರ್ಡೂ ಇದೆ. ರ್‍ಯಾಮ್‌ನ ಕಚ್ಚಿನ ಜಾಗವೇ ಬೇರೆ, ಒಂದರಲ್ಲಿ ಇನ್ನೊಂದು ಕೂರುವುದಿಲ್ಲ. ಬೋರ್ಡಿನಲ್ಲಿರುವ ಬಯಾಸ್ ಆವೃತ್ತಿಯನ್ನು ಡಬ್ಬದ ಮೇಲೆ ದೊಡ್ಡದಾಗಿ ಅಚ್ಚು ಹಾಕಲು ಏನು ಕಷ್ಟ?