ಪಂಚಾಂಗ, ನೆಟ್ ರನ್ ರೇಟ್ ಮತ್ತು ಆರು ರನ್

ಮೇ ತಿಂಗಳು ಬಂತೆಂದರೆ ಮಂಡ್ಯದ ಸಂಜಯ ವೃತ್ತದಿಂದ ಮೈಸೂರಿನ ಅಗ್ರಹಾರದವರೆಗೆ ಟೀ ಅಂಗಡಿಗಳ ಮುಂದೆ ಗಣಿತಜ್ಞರು ಉದ್ಭವವಾಗುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಮೂರು ಸಲ ಫೀಸು ಕಟ್ಟಿದವನೂ ಐಪಿಎಲ್‌ನ ನೆಟ್ ರನ್ ರೇಟನ್ನು, ಅಂದರೆ ಅಂಕ ಸಮವಾದಾಗ ಯಾವ ತಂಡ ಮುಂದೆ ಎಂದು ತೀರ್ಮಾನಿಸುವ ಲೆಕ್ಕವನ್ನು, ಸಿಗರೇಟ್ ಪ್ಯಾಕಿನ ಹಿಂಭಾಗದಲ್ಲಿ ಮೂರು ದಶಾಂಶ ಸ್ಥಾನದವರೆಗೆ ಬರೆಯುತ್ತಾನೆ. "ನೋಡ್ಲಾ, ಡೆಲ್ಲಿಯೋರು ಮುಂಬೈನ ಹೊಡೀಬೇಕು, ಲಕ್ನೋ ಇಪ್ಪತ್ತು ರನ್ನಲ್ಲಿ ಮಕಾಡೆ ಮಲಗ್ಬೇಕು, ರಾಜಸ್ಥಾನದ್ ಮ್ಯಾಚು ಮಳೇಲಿ ಕೊಚ್ಕೊಂಡೋಗ್ಬೇಕು. ಆಗ ನಾವ್ ಒಳಗೆ." ಇಡೀ ಯೋಜನೆಯಲ್ಲಿ ನಮ್ಮ ಬೆಂಗಳೂರಿನ ತಂಡ ಆರ್‌ಸಿಬಿ ಏನು ಮಾಡಬೇಕು ಎಂಬ ವಿಷಯವೇ ಬರುವುದಿಲ್ಲ. ಅದನ್ನು ಕೇಳುವುದು ಮರ್ಯಾದೆಯೂ ಅಲ್ಲ.

ಈ ಪಂಡಿತರಿಗೆ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಡಬೇಕು. ಆದರೆ ಕೊಡುವ ಮೊದಲು ಲೆಕ್ಕ ತಿದ್ದಬೇಕು, ಯಾಕೆಂದರೆ ಹತ್ತರಲ್ಲಿ ಒಂಬತ್ತು ಜನ ತಪ್ಪು ಮಾಡುತ್ತಾರೆ. 18.4 ಓವರ್ ಎಂದರೆ ಮೊಬೈಲಿನಲ್ಲಿ 18.4 ಎಂದೇ ಒತ್ತುತ್ತಾರೆ. ಓವರಿಗೆ ಆರು ಚೆಂಡು ಸ್ವಾಮಿ. ನಾಲ್ಕು ಚೆಂಡೆಂದರೆ 0.67, ಒತ್ತಬೇಕಾದದ್ದು 18.67. ಇನ್ನು ಕೆಲವರು ಪ್ರತಿ ಪಂದ್ಯದ ರೇಟನ್ನು ಕೂಡಿಸಿ ಹದಿನಾಲ್ಕರಿಂದ ಭಾಗಿಸುತ್ತಾರೆ. ಹಾಗಲ್ಲ. ಸೀಸನ್ನಿನಲ್ಲಿ ಹೊಡೆದ ಒಟ್ಟು ರನ್ನನ್ನು ಆಡಿದ ಒಟ್ಟು ಓವರಿನಿಂದ ಭಾಗಿಸಬೇಕು, ಅದರಿಂದ ಬಿಟ್ಟುಕೊಟ್ಟ ರನ್ನಿನ ಅದೇ ಭಾಗಲಬ್ಧವನ್ನು ಕಳೆಯಬೇಕು. ಮಳೆಗೆ ರದ್ದಾದ ಪಂದ್ಯ ಎರಡೂ ಕಡೆ ಸೇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಗುಂಡಿ ಇರುವುದು ಆಲೌಟಿನಲ್ಲಿ. 2017ರ ಏಪ್ರಿಲ್ 23ನ್ನೇ ತೆಗೆದುಕೊಳ್ಳಿ. ನೆನಪಿಸಿದ್ದಕ್ಕೆ ಕ್ಷಮೆಯಿರಲಿ. ಈಡನ್ ಗಾರ್ಡನ್ಸಿನಲ್ಲಿ ಕೋಲ್ಕತ್ತ 19.3 ಓವರಿಗೆ 131ಕ್ಕೆ ಆಲೌಟ್, ನಾವು 9.4 ಓವರಿಗೆ 49. ಮುಗ್ಧ ಅಭಿಮಾನಿ 49ನ್ನು 9.67ರಿಂದ ಭಾಗಿಸಿ 5.07 ತೆಗೆಯುತ್ತಾನೆ, 131ನ್ನು 19.5ರಿಂದ ಭಾಗಿಸಿ 6.72 ತೆಗೆಯುತ್ತಾನೆ, "ಬರೀ ಒಂದೂವರೆ ಚಿಲ್ಲರೆ ಮೈನಸ್ ಕಣ್ಲಾ" ಎಂದು ಇನ್ನೊಂದು ಟೀ ಹೇಳುತ್ತಾನೆ. ಆಲೌಟಾದ ತಂಡ ಎಷ್ಟೇ ಬೇಗ ಪೆವಿಲಿಯನ್ ಸೇರಿದರೂ ಪೂರ್ತಿ ಇಪ್ಪತ್ತು ಓವರ್ ಆಡಿದಂತೆಯೇ ಲೆಕ್ಕ. ಅಂದರೆ 2.45 ಕಳೆ 6.55, ಮೈನಸ್ 4.10. ಅದೇ ಏಪ್ರಿಲ್ 23ರಂದು, 2013ರಲ್ಲಿ, ಇದೇ ತಂಡ ಪುಣೆಯ ಮೇಲೆ 263 ಬಾರಿಸಿತ್ತು, ಗೇಲ್ ಒಬ್ಬನೇ 175. ತಾರೀಖು ಒಂದೇ ಇರುವಾಗ ಉಳಿದದ್ದನ್ನು ತಿಥಿ ನಕ್ಷತ್ರಕ್ಕೆ ಬಿಟ್ಟುಬಿಡುವುದು ಜಾಣತನ ಎಂದು ಪಂಚಾಂಗದವರು ವಾದಿಸಿದರೆ ಅಲ್ಲಗಳೆಯುವುದು ಕಷ್ಟ.

ಆದರೂ ಒಂದು ಸಲ ಈ ಗಣಿತ ಪಾಸಾಯಿತು. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಏಳು ಸೋತು, ಆಮೇಲೆ ಸಾಲಾಗಿ ಗೆದ್ದು, ಮೇ 18ರಂದು ಚೆನ್ನೈ ಎದುರು ನಿಂತಾಗ ಗೆದ್ದರಷ್ಟೇ ಸಾಲದು, ಪ್ಲೇಆಫ್ ಎಂಬ ಕೊನೆಯ ನಾಲ್ಕು ತಂಡಗಳ ಸುತ್ತಿಗೆ 18 ರನ್ನಿನ ಅಂತರ ಬೇಕಿತ್ತು. ನಾವು 218 ಹೊಡೆದೆವು. ಚೆನ್ನೈಗೆ ಗೆಲ್ಲಲು 219, ಸೋತೂ ಮುಂದೆ ಹೋಗಲು 201. "ಸೋತರೆ ಗೆದ್ದಂಗೆ ಅಂದ್ರೆ ಎಂಗಪ್ಪಾ?" ಎಂದು ಮನೆಯ ಹಿರಿಯರು ಕೇಳಿದ್ದಕ್ಕೆ ಆ ರಾತ್ರಿ ಎಷ್ಟೋ ಮೊಮ್ಮಕ್ಕಳು ತೊದಲಿದ್ದಾರೆ. ಕೊನೆಯ ಓವರಿಗೆ ಚೆನ್ನೈಗೆ 201 ಮುಟ್ಟಲು 17 ಬೇಕಿತ್ತು, ಮೊದಲ ಚೆಂಡಿಗೇ ಧೋನಿ ಸಿಕ್ಸರ್, ಎರಡನೆಯದಕ್ಕೆ ಔಟ್, 191ಕ್ಕೆ ಮುಗಿಯಿತು. ಪಟಾಕಿ ಹೊಡೆದ ನಾಲ್ಕೇ ದಿನಕ್ಕೆ ಎಲಿಮಿನೇಟರಿನಲ್ಲಿ ರಾಜಸ್ಥಾನದ ಎದುರು ಸೋತು ಮನೆಗೆ ಬಂದೆವು. ಆ ಭಾಗ ಯಾರ ಸ್ಟೇಟಸ್ಸಿನಲ್ಲೂ ಇಲ್ಲ.

ಕನ್ನಡಿಗನ ಹಣೆಬರಹದಲ್ಲಿ ಇನ್ನೊಂದು ಅಂಕಿ ಇದೆ, ಅದು ಆರು. 2009ರ ಐಪಿಎಲ್ ಫೈನಲ್, ಜೋಹಾನ್ಸ್‌ಬರ್ಗ್. ಕುಂಬ್ಳೆ ನಾಯಕ, 16 ರನ್ನಿಗೆ 4 ವಿಕೆಟ್. ಡೆಕ್ಕನ್ ಚಾರ್ಜರ್ಸ್ 143, ನಾವು 137. ಸೋಲು ಆರು ರನ್ನಿನದು. ಆಮೇಲೆ 2010ರ ಜನವರಿ, ನಮ್ಮ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್, ರಣಜಿ ಫೈನಲ್. ಮೈಸೂರಿನ ಕ್ರಿಕೆಟ್ ಬಗ್ಗೆ ಮಾತಾಡುವವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಮೊದಲ ಇನಿಂಗ್ಸಿನಲ್ಲಿ 130ಕ್ಕೆ ಮಡಚಿಕೊಂಡ ಕರ್ನಾಟಕಕ್ಕೆ ಮುಂಬೈ ಕೊಟ್ಟ ಗುರಿ 338. ಮನೀಶ್ ಪಾಂಡೆ 144, ಗಣೇಶ್ ಸತೀಶ್ 75, ಇಬ್ಬರ ಜೊತೆಯಾಟ ಇನ್ನೂರು ದಾಟಿತು. ಇಡೀ ಊರು ಅಲ್ಲಿತ್ತು. ಜಾಗ ಸಿಗದವರು ಮರ ಹತ್ತಿದ್ದರು. ಆ ಜೋಡಿ ಒಡೆಯಿತು, ಇನಿಂಗ್ಸಿನಲ್ಲಿ ಅಗರ್ಕರ್‌ಗೆ ಐದು ವಿಕೆಟ್, 331ಕ್ಕೆ ಆಟ ಮುಗಿಯಿತು. ಅಂತರ ಮತ್ತೆ ಆರೇ ರನ್. ಮರದಿಂದ ಇಳಿದವರಲ್ಲಿ ಯಾರೂ ಯಾರಿಗೂ ಬೈಯಲಿಲ್ಲ. ಅಂಥ ಆಟ ಅದು. ಟಿ20 ನೋಡಿ ಬೆಳೆದ ಹುಡುಗರಿಗೆ ಈ ಪಂದ್ಯದ ಸ್ಕೋರ್‌ಕಾರ್ಡ್ ಓದಿಸುವುದು ಮೈಸೂರಿನ ತಂದೆತಾಯಿಗಳ ಕರ್ತವ್ಯ.

ಮೂರನೆಯ ಆರು 2025ರ ಜೂನ್ 3ರಂದು ಅಹಮದಾಬಾದಿನ ಐಪಿಎಲ್ ಫೈನಲ್ಲಿನಲ್ಲಿ ಬಂತು. ನಾವು 190, ಪಂಜಾಬ್ 184. ಈ ಸಲ ಆರು ನಮ್ಮ ಕಡೆಗಿತ್ತು. ಈಗ ಇದನ್ನು ಪಂಡಿತರ ಮುಂದಿಟ್ಟು ನೋಡಿ. ರಣಜಿಯಲ್ಲಿ ಹನ್ನೊಂದಕ್ಕೆ ಹನ್ನೊಂದೂ ಕರ್ನಾಟಕದವರು, ಆರು ರನ್ ಸೋಲು. 2009ರಲ್ಲಿ ಕುಂಬ್ಳೆ, ದ್ರಾವಿಡ್, ಉತ್ತಪ್ಪ, ಪಾಂಡೆ, ವಿನಯ್ ಕುಮಾರ್ ಎಂದು ಐವರು, ಆಗಲೂ ಆರು ರನ್ ಸೋಲು. 2025ರ ಹನ್ನೊಂದರಲ್ಲಿ ಕರ್ನಾಟಕದವನೆಂದರೆ ಮಯಂಕ್ ಅಗರ್ವಾಲ್ ಒಬ್ಬನೇ, ಆರು ರನ್ ಗೆಲುವು. ನಮ್ಮವರು ಕಮ್ಮಿಯಾದಷ್ಟೂ ಕಪ್ಪು ಹತ್ತಿರ ಎಂದು ಗ್ರಾಫ್ ಹೇಳುತ್ತದೆ. ಹನ್ನೊಂದರಲ್ಲಿ ನಮ್ಮವನು ಒಬ್ಬನೂ ಇಲ್ಲದಿದ್ದರೆ ಅಂತರ ಹನ್ನೆರಡಕ್ಕೆ ಏರಬಹುದು.

ಮೂದಲಿಕೆ ಆಟಗಾರರ ಮೇಲಲ್ಲ. ಇಂದೋರಿನ ರಜತ್ ಪಾಟೀದಾರ್ ತಂಡ ನಡೆಸಿದ ರೀತಿಗೆ, ಕೃಣಾಲ್ ಪಾಂಡ್ಯ ಫೈನಲ್ಲಿನಲ್ಲಿ ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದದ್ದಕ್ಕೆ ಕೈಮುಗಿಯಬೇಕು. ವಿಚಿತ್ರವೆಂದರೆ ನಮ್ಮ ಅಳತೆಗೋಲು. 2024ರ ಸೆಪ್ಟೆಂಬರ್ 1ರಂದು ಕರುಣ್ ನಾಯರ್ ನಾಯಕತ್ವದ ಮೈಸೂರು ವಾರಿಯರ್ಸ್ ಬೆಂಗಳೂರು ಬ್ಲಾಸ್ಟರ್ಸನ್ನು 45 ರನ್ನಿನಿಂದ ಸೋಲಿಸಿ ರಾಜ್ಯದ ಟಿ20 ಲೀಗ್ ಆದ ಮಹಾರಾಜ ಟ್ರೋಫಿ ಗೆದ್ದಿತು. ದೇವರಾಜ ಅರಸು ರಸ್ತೆಯಲ್ಲಿ ಹತ್ತು ಜನರನ್ನು ನಿಲ್ಲಿಸಿ ಕೇಳಿ, ಎಂಟು ಜನ "ಹೌದಾ?" ಎನ್ನುತ್ತಾರೆ. ಅದೇ ವರ್ಷದ ಮಾರ್ಚ್ 17ರಂದು ಮಹಿಳಾ ಪ್ರೀಮಿಯರ್ ಲೀಗ್ ಫೈನಲ್ಲಿನಲ್ಲಿ ಸ್ಮೃತಿ ಮಂಧಾನ ಅವರ ಆರ್‌ಸಿಬಿ ಬಳಗ ಡೆಲ್ಲಿಯಲ್ಲೇ ಡೆಲ್ಲಿಯನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿತು, ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್. ಹುಡುಗಿಯರು ಎರಡನೆಯ ಸೀಸನ್ನಿಗೇ ಕಪ್ ತಂದಿಟ್ಟರು. ಆದರೂ 2025ರ ಫ್ಲೆಕ್ಸುಗಳಲ್ಲಿ "ಹದಿನೆಂಟು ವರ್ಷದ ಬರ ನೀಗಿತು" ಎಂದೇ ಮುದ್ರಣವಾಯಿತು. ಹೆಣ್ಣುಮಕ್ಕಳು ತಂದ ನೀರಿಗೆ ಬರ ನೀಗಿಸುವ ಅರ್ಹತೆ ಇಲ್ಲವೆಂದು ಫ್ಲೆಕ್ಸ್ ಸಂಘದವರು ತೀರ್ಮಾನಿಸಿದಂತಿದೆ.

ಈಗ ಮಂಡ್ಯದ ಹುಡುಗ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಒಂದು ಪಂದ್ಯ ನೋಡಬೇಕೆಂದುಕೊಳ್ಳಲಿ. ಟಿಕೆಟ್ ಆನ್‌ಲೈನಿನಲ್ಲಿ. ಪುಟ ತೆರೆಯುವ ಹೊತ್ತಿಗೆ ಸರತಿಯಲ್ಲಿ ಅವನ ಮುಂದೆ ಒಂದು ತಾಲೂಕೇ ನಿಂತಿರುತ್ತದೆ. ಒಳಗೆ ಹೋದರೆ ಅಗ್ಗದ ಸ್ಟ್ಯಾಂಡ್ ಖಾಲಿ, ಉಳಿದಿರುವುದಕ್ಕೆ ಒಂದು ಟನ್ ಕಬ್ಬಿನ ದುಡ್ಡು ಸಾಲದು. ಸಿಕ್ಕಿತೆಂದೇ ಇಟ್ಟುಕೊಳ್ಳಿ, ಬೈಕಿನಲ್ಲಿ ಹೊರಟರೆ ಎಕ್ಸ್‌ಪ್ರೆಸ್‌ವೇ ಮೇಲೆ ಹತ್ತುವ ಹಾಗಿಲ್ಲ. 2023ರ ಆಗಸ್ಟ್ 1ರಿಂದ ದ್ವಿಚಕ್ರಕ್ಕೆ ನಿಷೇಧ, ಸರ್ವಿಸ್ ರಸ್ತೆಯೇ ಗತಿ. ಬಲ್ಲವರು ಬಸ್ಸಿನಲ್ಲಿ ಹೋಗಿ ಮೈಸೂರು ರಸ್ತೆಯಲ್ಲಿ ಇಳಿದು ನೇರಳೆ ಮೆಟ್ರೋ ಹಿಡಿಯುತ್ತಾರೆ, ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಬದಲಾಯಿಸದೆ ತಲುಪುತ್ತದೆ. ನೀರಿನ ಬಾಟಲಿ, ಪವರ್ ಬ್ಯಾಂಕ್ ಗೇಟಿನಲ್ಲೇ ಕಳಚುತ್ತಾರೆ, ಒಯ್ಯದಿರುವುದು ಲೇಸು. ಏಳೂವರೆಯ ಪಂದ್ಯ ಮುಗಿಯುವುದು ಹನ್ನೊಂದೂವರೆಗೆ. ಕೊನೆಯ ಓವರ್ ನೋಡುತ್ತಾ ನಿಂತವನು ಮೆಟ್ರೋ ಮೆಟ್ಟಿಲ ಮೇಲೆ ಒಂದು ಗಂಟೆ ನಿಲ್ಲುತ್ತಾನೆ. ಇಷ್ಟೆಲ್ಲ ಮಾಡಿ ಸೋತು ಬಂದವನನ್ನು ಬೆಳಗಿನ ಜಾವ ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ಮಾತಾಡಿಸಬೇಡಿ.

ಇಂಥ ಹುಡುಗರಿಗೆ ಕಪ್ ಗೆದ್ದ ಮರುದಿನ, 2025ರ ಜೂನ್ 4ರ ಬೆಳಿಗ್ಗೆ, ಅದೇ ಕ್ರೀಡಾಂಗಣದ ವಿಜಯೋತ್ಸವಕ್ಕೆ ಬನ್ನಿ ಎಂದು ಕರೆ ಹೋಯಿತು. ಮೆರವಣಿಗೆ ಇದೆಯೆಂದರು, ಇಲ್ಲವೆಂದರು, ಇದೆಯೆಂದರು. ಪಾಸ್ ಎಂದರು, ಉಚಿತವೆಂದರು. ಕ್ರೀಡಾಂಗಣ ಹಿಡಿಸುವುದು ಸುಮಾರು 35 ಸಾವಿರ, ಬಂದವರು ಲಕ್ಷಗಟ್ಟಲೆ. 201ಕ್ಕೂ 219ಕ್ಕೂ ವ್ಯತ್ಯಾಸ ಹೇಳಬಲ್ಲ ರಾಜ್ಯದಲ್ಲಿ ಲಕ್ಷದಿಂದ 35 ಸಾವಿರ ಕಳೆಯಲು ಒಬ್ಬ ಅಧಿಕಾರಸ್ಥನಿಗೂ ಬರಲಿಲ್ಲ. ಒಂದು ಚದರ ಮೀಟರಿನಲ್ಲಿ ಐದಾರು ಜನಕ್ಕಿಂತ ಹೆಚ್ಚಾದರೆ ಯಾರ ಕಾಲೂ ಅವರ ಮಾತು ಕೇಳುವುದಿಲ್ಲ. ಗುಂಪು ಅಲೆಯಂತೆ ತೂಗುತ್ತದೆ. ಅರ್ಧ ತೆರೆದ ಗೇಟಿನ ಮುಂದೆ ಹಿಂದಿನವರಿಗೆ ಮುಂದೇನಾಗಿದೆ ಎಂದು ಕಾಣುವುದಿಲ್ಲ, ತಳ್ಳುತ್ತಲೇ ಇರುತ್ತಾರೆ. ಇಂಥ ಕಡೆ ಹೆಚ್ಚಿನವರು ಸಾಯುವುದು ನಿಂತಲ್ಲೇ, ಎದೆ ಒತ್ತಿ, ಉಸಿರು ಕಟ್ಟಿ. ಇದು ಹೊಸ ವಿಜ್ಞಾನವಲ್ಲ, ಜಾತ್ರೆ ನಡೆಸುವವರಿಗೆಲ್ಲ ಗೊತ್ತು. ಹನ್ನೊಂದು ಜನ ಸತ್ತರು. ಅವರಲ್ಲಿ ನಮ್ಮ ಮಂಡ್ಯ ಜಿಲ್ಲೆಯವರೂ ಇದ್ದರು. ಹೊರಗೆ ಜನ ಸಾಯುತ್ತಿದ್ದಾಗ ಒಳಗೆ ಸನ್ಮಾನ ನಡೆಯುತ್ತಿತ್ತು. ಇದನ್ನು ಹೇಗೆ ಬರೆದರೂ ನಗು ಬರುವುದಿಲ್ಲ, ಬರಬಾರದು ಕೂಡ.

ಮೈಸೂರಿನಲ್ಲಿ ಜಂಬೂಸವಾರಿ ಹೋಗುವುದು ಅರಮನೆಯಿಂದ ಬನ್ನಿಮಂಟಪಕ್ಕೆ, ಐದು ಕಿಲೋಮೀಟರ್. ಅದಕ್ಕೆ ಆನೆಗಳು ಹೆಚ್ಚುಕಡಿಮೆ ಎರಡು ತಿಂಗಳು ಮೊದಲೇ ಕಾಡಿನಿಂದ ಬರುತ್ತವೆ. 750 ಕೆಜಿ ಅಂಬಾರಿ ಹೊರಲು ಮೊದಲು ಮರಳು ಮೂಟೆ ಹೊರಿಸಿ ದಿನಾ ಅದೇ ದಾರಿಯಲ್ಲಿ ನಡೆಸುತ್ತಾರೆ, ಬೆಚ್ಚದಿರಲೆಂದು ಫಿರಂಗಿ ಹಾರಿಸಿ ತಾಲೀಮು ಮಾಡಿಸುತ್ತಾರೆ, ತೂಕ ಹಾಕಿ ಮೇವಿನ ಪಟ್ಟಿ ಬರೆಯುತ್ತಾರೆ. ಗಂಡುಮಕ್ಕಳು ಹೆಣ್ಣುಮಕ್ಕಳು ಲಕ್ಷಗಟ್ಟಲೆ ಸೇರುವ ಕಡೆ ಸಿಕ್ಕ ತಯಾರಿ ಇಪ್ಪತ್ತನಾಲ್ಕು ಗಂಟೆಗೂ ಕಮ್ಮಿ.

ಆಮೇಲೆ ಎಲ್ಲ ಕ್ರಮಬದ್ಧವಾಗಿ ನಡೆಯಿತು. ಅಮಾನತು, ಆಯೋಗ, ವರದಿ, ಮಸೂದೆ, ತಪ್ಪು ಪಕ್ಕದವರದ್ದು ಎಂಬ ಹೇಳಿಕೆ. ಬೆಂಗಳೂರಿನಲ್ಲಿ ಆಗಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ಬೇರೆ ಊರುಗಳಿಗೆ ಹೋದವು, ನವೆಂಬರ್ 2ರಂದು ಭಾರತದ ಹುಡುಗಿಯರು ಮೊದಲ ಸಲ ಆ ಕಪ್ಪನ್ನು ನವಿ ಮುಂಬೈಯಲ್ಲಿ ಎತ್ತಿದರು. ಮಹಾರಾಜ ಟ್ರೋಫಿ ಮಾತ್ರ ಆಗಸ್ಟಿನಲ್ಲಿ ಮೈಸೂರಿಗೆ ಬಂತು. ಅದನ್ನು ಕಂಡು ಮುಂದಿನ ವಿಜಯೋತ್ಸವವನ್ನೂ ಇಲ್ಲೇ ಇಟ್ಟುಕೊಳ್ಳಿ ಎನ್ನುವ ಉತ್ಸಾಹಿಗಳು ಟೀ ಅಂಗಡಿಯಲ್ಲಿ ಈಗಾಗಲೇ ಇದ್ದಾರೆ. ಇಟ್ಟುಕೊಳ್ಳೋಣ. ಎಷ್ಟು ಗೇಟು, ಒಂದೊಂದು ಎಷ್ಟಡಿ ಅಗಲ, ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ, ಪಾಸು ಎಷ್ಟು ದಿನ ಮುಂಚೆ, ಆಂಬುಲೆನ್ಸಿಗೆ ಯಾವ ದಾರಿ, ಅನುಮತಿ ಪತ್ರದ ಮೇಲೆ ಯಾರ ಸಹಿ ಎಂದು ಒಂದು ಹಾಳೆಯಲ್ಲಿ ಬರೆದು ಮೊದಲು ಗೋಡೆಗೆ ಅಂಟಿಸಲಿ. ಸಹಿ ಎಂಬಲ್ಲಿಗೆ ಬರುವ ಹೊತ್ತಿಗೆ ಸಭೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಫೋನ್ ಬಂದಿರುತ್ತದೆ.